57 ಬರುತ್ತೆ ಅಂತ ಕಾದಿದ್ವಿ: ಚಳ್ಳಕೆರೆ ಕಡೆಯ ಒಂದು ಕುರಿಮರಿ ಕೇಸು

ಇದು ಚಳ್ಳಕೆರೆ ತಾಲೂಕಿನ ಒಂದು ಹಟ್ಟಿಯಲ್ಲಿ ನಡೆದದ್ದು. ಊರ ಹೆಸ್ರು, ಮನೆಯವ್ರ ಹೆಸ್ರು ಹೇಳಲ್ಲ, ಗುರುತು ಸಿಗೋ ಅಂಥ ಒಂದೆರಡು ವಿವರಾನೂ ಬದಲಾಯಿಸಿದೀನಿ. ನಾನು ದಾವಣಗೆರೆಲಿ ಡಿಗ್ರಿ ಹುಡುಗ್ರಿಗೆ ಜುವಾಲಜಿ ಹೇಳ್ಕೊಡೋನು. ಕ್ರೋಮೋಸೋಮ್ ಅಂದ್ರೆ ಜೀವಕೋಶದೊಳಗೆ ಜೀನುಗಳನ್ನ ಹೊತ್ತಿರೋ ಎಳೆಗಳು, ಅವುಗಳ ಸಂಖ್ಯೆ ಹೆಂಗೆ ಬದಲಾಗುತ್ತೆ ಅನ್ನೋ ಪಾಠ ವರ್ಷಾ ವರ್ಷಾ ಬೋರ್ಡ್ ಮೇಲೆ ಚಿತ್ರ ಬರೆದು ಮುಗಿಸ್ತಿದ್ದೆ, ಅದು ನಿಜಕ್ಕೂ ನಂಗೆ ಅರ್ಥ ಆಗಿದ್ದು ಈ ಮರಿಯಿಂದ.

ಮನೆಯ ಯಜಮಾನ್ರಿಗೆ ನೂರಿಪ್ಪತ್ತು ಕುರಿ, ಜೊತೆಗೆ ಹದಿನೈದು ಮೇಕೆ, ಎಲ್ಲಾ ಒಂದೇ ರೊಪ್ಪದಲ್ಲಿ ಕೂಡೋದು. ಸಂಕ್ರಾಂತಿ ಆಗಿ ಹದಿನೈದು ದಿನಕ್ಕೆ ಒಂದು ಕುರಿ ಅವಳಿ ಹಾಕ್ತು. ಒಂದು ಗಂಡು, ಮಾಮೂಲಿ ಕುರಿಮರಿ ಥರಾನೇ. ಇನ್ನೊಂದು ಹೆಣ್ಣು, ಅದ್ರ ಮೈಮೇಲೆ ಉಣ್ಣೆ ಇಲ್ಲ, ನುಣ್ಣನೆ ಕಂದು ಕೂದ್ಲು, ಉದ್ದ ಕಾಲು, ಕೊರಳಲ್ಲಿ ಎರಡು ಮೊಲೆ ಜೋತಾಡ್ತಿದ್ವು. ಅಜಗಳಸ್ತನ ಅಂತ ನಮ್ಮ ಹಳೇ ಪಂಡಿತರು ಕೆಲಸಕ್ಕೆ ಬಾರದ್ದಕ್ಕೆಲ್ಲಾ ಹೋಲಿಸ್ತಿದ್ರಲ್ಲ, ಅದೇ. ಆಡಿಗಿರೋದು ಕುರಿಗೆ ಬಂದಿದೆ ಅಂದ್ಮೇಲೆ ಮುಗೀತು, ರೊಪ್ಪದಲ್ಲಿದ್ದ ದೊಡ್ಡ ಹೋತದ ಮೇಲೆ ಎಲ್ರ ಕಣ್ಣೂ ಬಿತ್ತು. ಸಣ್ಣ ಮಗ ವಿಡಿಯೋ ಮಾಡಿ ಸ್ಟೇಟಸ್ ಹಾಕಿದ, "ಕುರಿ ಹೊಟ್ಟೆಲಿ ಮೇಕೆ" ಅಂತ. ವಾರದೊಳಗೆ ಅರಿಶಿನ ಕುಂಕುಮ ಹಿಡ್ಕೊಂಡು ಬರೋರು ಒಂದ್ಕಡೆ, ಇದು ಅಪಶಕುನ, ಮನೇಲಿ ಇಟ್ಕೋಬೇಡ್ರಿ, ದೇವ್ರಿಗೆ ಬಿಟ್ಬಿಡ್ರಿ ಅನ್ನೋರು ಇನ್ನೊಂದ್ಕಡೆ. ಒಬ್ಬ ವ್ಯಾಪಾರಿ ಅಂತೂ ಒಳ್ಳೇ ಟಗರಿನ ರೇಟಿಗಿಂತ ಎರಡು ಪಟ್ಟು ಕೊಡ್ತೀನಿ ಅಂತ ಕೂತ.

ಸಣ್ಣ ಮಗನ ಲೆಕ್ಕ ಇನ್ನೂ ಮುಂದಿತ್ತು. ನಾಯಕನಹಟ್ಟಿ ತೇರು ಹತ್ರ ಬರ್ತಿತ್ತು, ಜಾತ್ರೇಲಿ ಒಂದು ಶಾಮಿಯಾನ ಹಾಕಿ ಟಿಕೆಟ್ ಇಟ್ಟು ತೋರಿಸೋಣ ಅಂತ. ದೊಡ್ಡ ಮಗನಿಗೆ ಅದು ಬೇಡ, ನಾಳೆ ಸುಳ್ಳಾದ್ರೆ ಮುಖ ಎಲ್ಲಿ ಇಟ್ಕೋಳೋದು ಅಂತ. ಅವ್ನು ದಾವಣಗೆರೆಲಿ ನಮ್ಮ ಹತ್ರ ಓದಿದ ಹುಡುಗನೊಬ್ಬನ ಮೂಲಕ ನಂಗೆ ಫೋನ್ ಹಚ್ಚಿದ. "ಸಾ, ರಕ್ತ ನೋಡಿ ಹೇಳಕ್ಕಾಗುತ್ತಾ, ಇದು ಕುರಿನೋ ಬೆರಕೆನೋ?"

ಆಗುತ್ತೆ ಅಂದೆ. ಅಷ್ಟು ಬೇಗ ಹೇಳಬಾರದಿತ್ತು, ಆದ್ರೆ ಒಳಗೊಳಗೇ ನಂಗೂ ಆಸೆ ಹುಟ್ಟಿತ್ತು. ಯಾಕಂದ್ರೆ ಇದಕ್ಕೆ ಉತ್ತರ ಒಂದೇ ನಂಬರ್‌ನಲ್ಲಿದೆ. ಕುರಿಗೆ 54 ಕ್ರೋಮೋಸೋಮು, ಮೇಕೆಗೆ 60. ಅಪ್ಪನಿಂದ ಅರ್ಧ ಅಮ್ಮನಿಂದ ಅರ್ಧ ಬರೋದು, 27 ಕೂಡಿಸು 30, ಬೆರಕೆ ಮರಿಯಾದ್ರೆ 57 ಇರಬೇಕು. ಇಂಥ ಮರಿ ಜಗತ್ತಲ್ಲಿ ಹುಟ್ಟೇ ಇಲ್ಲ ಅಂತಲ್ಲ. 2000ದ ಸುಮಾರಿಗೆ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಒಂದು ಬದುಕಿ ಬೆಳೆದಿತ್ತು, ಅದ್ರ ಜೀವಕೋಶದಲ್ಲಿ ಸರಿಯಾಗಿ 57 ಸಿಕ್ಕಿದ್ವು. ಆದ್ರೆ ಅಲ್ಲಿ ತಾಯಿ ಮೇಕೆ, ತಂದೆ ಟಗರು. ನಮ್ಮ ಕೇಸಲ್ಲಿ ತಾಯಿ ಕುರಿ, ತಂದೆ ಹೋತ ಅಂತ ಅನುಮಾನ, ಆ ದಿಕ್ಕಲ್ಲಿ ಗರ್ಭ ಕಟ್ಟೋದೇ ಅಪರೂಪ. ಮೇಕೆಗೆ ಟಗರು ಹಾರಿದ್ರೆ ಗರ್ಭ ಕಟ್ಟುತ್ತೆ, ಆದ್ರೆ ಸಾಮಾನ್ಯವಾಗಿ ಎರಡು ತಿಂಗಳೊಳಗೆ ಹೋಗಿಬಿಡುತ್ತೆ. ಇದನ್ನ ಯಜಮಾನ್ರಿಗೆ ಹೇಳಿದ್ರೆ ಅವ್ರು ತಲೆ ಆಡಿಸಿ "ಹಾರೋದು ಹೊಸದಲ್ಲ ಸಾ, ನಿಲ್ಲೋದು ಹೊಸದು" ಅಂದ್ರು. ಪುಸ್ತಕದಲ್ಲಿ ಅರ್ಧ ಪುಟ ಬರೆದಿರೋದನ್ನ ಆ ಮನುಷ್ಯ ಒಂದೇ ಮಾತಲ್ಲಿ ಮುಗಿಸಿಬಿಟ್ರು.

ಇನ್ನೊಂದು ದಾರಿನೂ ಇದೆ, ಅದನ್ನೂ ತಲೇಲಿ ಇಟ್ಕೊಂಡಿದ್ದೆ. ಕೇಂಬ್ರಿಡ್ಜ್‌ನಲ್ಲಿ ಕುರಿ ಭ್ರೂಣ ಮೇಕೆ ಭ್ರೂಣ ಎರಡನ್ನೂ ಲ್ಯಾಬಲ್ಲಿ ಅಂಟಿಸಿ ಒಂದೇ ಪ್ರಾಣಿ ಬೆಳೆಸಿದ್ರು, ಅದು 1984ರಲ್ಲಿ ಪ್ರಕಟ ಆಯ್ತು. ಅದ್ರಲ್ಲಿ 57 ಇರಲ್ಲ, ಕೆಲವು ಕೋಶದಲ್ಲಿ 54, ಕೆಲವುದ್ರಲ್ಲಿ 60, ಎರಡು ಪ್ರಾಣಿ ಒಂದೇ ಮೈಯಲ್ಲಿ. ಅದು ರೊಪ್ಪದಲ್ಲಿ ತಾನಾಗೇ ಆಗೋ ಅಂಥದ್ದಲ್ಲ.

ಮೊದಲನೇ ಸಲ ಹೋದಾಗ ಮಾಡಿದ್ದು ಬರೀ ತಪ್ಪೇ. ಪರಿಚಯದ ಒಬ್ಬ ಪಶುವೈದ್ಯರು ಬಂದು ಮರಿ ಕೊರಳಿಂದ 5 ಎಂಎಲ್ ರಕ್ತ ತೆಗೆದು ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಇರೋ ಹಸಿರು ಮುಚ್ಚಳದ ಟ್ಯೂಬಿಗೆ ಹಾಕಿಕೊಟ್ರು. ಬಿಸಿಲು ಅಂದ್ರೆ ಬಿಸಿಲು, ಚಳ್ಳಕೆರೆಯಿಂದ ದುರ್ಗ, ದುರ್ಗದಿಂದ ದಾವಣಗೆರೆ, ಎರಡು ಬಸ್ಸು, ರಕ್ತ ಕೆಡುತ್ತೆ ಅಂತ ಹೆದ್ರಿ ಟ್ಯೂಬನ್ನ ಸೀದಾ ಐಸ್ ಪ್ಯಾಕಿಗೆ ಒತ್ತಿ ಫ್ಲಾಸ್ಕಲ್ಲಿ ಇಟ್ಟೆ. ಬಂದು ನೋಡಿದ್ರೆ ಟ್ಯೂಬಿನ ಒಂದು ಮಗ್ಗುಲು ಗಡ್ಡೆ ಕಟ್ಟಿತ್ತು, ಕೋಶ ಒಡೆದು ಮೇಲಿನ ನೀರೆಲ್ಲಾ ಗುಲಾಬಿ ಬಣ್ಣ. ಕ್ರೋಮೋಸೋಮು ನೋಡ್ಬೇಕಂದ್ರೆ ಬಿಳಿ ರಕ್ತಕಣ ಜೀವಂತ ಇರಬೇಕು, ಟ್ಯೂಬಲ್ಲಿ ವಿಭಜನೆ ಆಗ್ಬೇಕು, ಸತ್ತದ್ದು ಏನ್ ವಿಭಜನೆ ಆಗುತ್ತೆ. ಆದ್ರೂ ಮೂರು ದಿನ ಕಲ್ಚರ್ ಇಟ್ವಿ, ಏನೂ ಸಿಗ್ಲಿಲ್ಲ.

ಈ ಸೋಲಿನಿಂದ ಒಂದು ಒಳ್ಳೇದಾಯ್ತು. ಎರಡನೇ ಸಲ ಹೋಗೋ ಮುಂಚೆ ಲ್ಯಾಬ್ ನಡೆಸೋ ಗೆಳೆಯ ಕೂರಿಸಿಕೊಂಡು ಬೈದ. "ಮರಿದೊಂದೇ ರಕ್ತ ತಂದ್ರೆ ಯಾವುದಕ್ಕೆ ಹೋಲಿಸ್ತೀಯಪ್ಪಾ? ತಾಯಿದೂ ತಾ, ಆ ಹೋತದ್ದೂ ತಾ" ಅಂದ. ಎಂಥ ಸಣ್ಣ ಮಾತು, ಕ್ಲಾಸಲ್ಲಿ ಹುಡುಗ್ರಿಗೆ ಕಂಟ್ರೋಲ್ ಇಲ್ದೆ ಪ್ರಯೋಗ ಇಲ್ಲ ಅಂತ ಭಾಷಣ ಬಿಗಿಯೋನು ನಾನೇ. ಎರಡನೇ ಸಲ ಮೂರು ಟ್ಯೂಬು, ಐಸ್ ಮುಟ್ಟದ ಹಾಗೆ ಬಟ್ಟೆ ಸುತ್ತಿ, ಬಾಡಿಗೆ ಕಾರಲ್ಲಿ.

ಕಲ್ಚರ್ ವಿಧಾನ ಚುಟುಕಾಗಿ ಹೇಳ್ತೀನಿ. ಬಿಳಿ ಕಣಗಳು ವಿಭಜನೆ ಆಗೋ ಹಾಗೆ ಅವರೆಕಾಳಿನ ಜಾತಿಗೆ ಸೇರಿದ ಒಂದು ಕಾಳಿನ ಸಾರದಿಂದ ಉತ್ತೇಜನ ಕೊಟ್ಟು 72 ಗಂಟೆ ಬೆಚ್ಚಗೆ ಇಡೋದು, ಕೊನೆಗೆ ಕಾಲ್ಚಿಸಿನ್ ಹಾಕಿ ವಿಭಜನೆ ಮಧ್ಯದಲ್ಲೇ ನಿಲ್ಲಿಸೋದು, ತೆಳು ಉಪ್ಪುನೀರಲ್ಲಿ ಕೋಶ ಉಬ್ಬಿಸೋದು, ಮೆಥನಾಲು ಅಸಿಟಿಕ್ ಆಸಿಡ್ಡು ಮೂರಕ್ಕೆ ಒಂದರಂತೆ ಬೆರೆಸಿ ಗಟ್ಟಿ ಮಾಡೋದು, ಗಾಜಿನ ಮೇಲೆ ಹನಿ ಬೀಳಿಸಿ ಗೀಮ್ಸಾ ಬಣ್ಣ. ಆ ಉಬ್ಬಿಸೋ ಹಂತ ಇಲ್ಲ ಅಂದ್ರೆ ಕ್ರೋಮೋಸೋಮುಗಳು ಒಂದ್ರ ಮೇಲೊಂದು ಬಿದ್ದು ಎಣಿಸೋಕೇ ಆಗಲ್ಲ. ಮನುಷ್ಯನದ್ದೇ ಲೆಕ್ಕ ನೋಡಿ, 1923ರಲ್ಲಿ ಪೇಂಟರ್ ಅನ್ನೋ ದೊಡ್ಡ ವಿಜ್ಞಾನಿ 48 ಅಂದ್ರು, ಆಮೇಲೆ ಮೂವತ್ತು ವರ್ಷ ಜಗತ್ತೆಲ್ಲಾ 48 ಅಂತಾನೇ ನಂಬಿತ್ತು. 1952ರಲ್ಲಿ ಸ್ಯೂ ಅನ್ನೋರ ಲ್ಯಾಬಲ್ಲಿ ಯಾರೋ ಉಪ್ಪಿನ ದ್ರಾವಣ ತಪ್ಪಾಗಿ ತೆಳು ಮಾಡಿದ್ದಕ್ಕೆ ಕ್ರೋಮೋಸೋಮು ಚೆನ್ನಾಗಿ ಹರಡಿಕೊಂಡ್ವು, ಆ ತಪ್ಪೇ ವಿಧಾನ ಆಯ್ತು, 1956ರಲ್ಲಿ ಜಿಯೋ ಮತ್ತು ಲೆವಾನ್ ಸರಿಯಾಗಿ ಎಣಿಸಿ 46 ಅಂತ ತೋರಿಸಿದ್ರು. ಮೂವತ್ತು ವರ್ಷ ಎಣಿಸಿದವ್ರಿಗೆ ಕಣ್ಣಿರಲಿಲ್ಲ ಅಂತಲ್ಲ, 48 ಇರುತ್ತೆ ಅಂತ ಮೊದ್ಲೇ ತಿಳ್ಕೊಂಡು ಎಣಿಸೋಕೆ ಕೂತಿದ್ರು. ನಮಗೂ ಇದೇ ಆಯ್ತು.

ದಾವಣಗೆರೆ ಬೇಸಿಗೆ ಗಾಳಿ ಒಣ, ಹನಿ ಗಾಜಿಗೆ ಬಿದ್ದ ತಕ್ಷಣ ಒಣಗಿಹೋಗ್ತಿತ್ತು, ಕೋಶ ಹರಡೋಕೆ ಟೈಮೇ ಸಿಗ್ತಿರ್ಲಿಲ್ಲ. ಮೊದಲ ಸ್ಲೈಡಲ್ಲಿ ಎಣಿಸಿದ್ರೆ ಒಂದು ಕೋಶದಲ್ಲಿ 51, ಇನ್ನೊಂದ್ರಲ್ಲಿ 53, ಇನ್ನೊಂದ್ರಲ್ಲಿ 55. ಆಗ ಒಬ್ಬ ವಿದ್ಯಾರ್ಥಿನಿ ಮೈಕ್ರೋಸ್ಕೋಪಿಂದ ತಲೆ ಎತ್ತಿ "ಸರ್, 57!" ಅಂದ್ಲು. ನಾನು ಕೂತು ಎಣಿಸಿದೆ, 57. ಗೆಳೆಯ ಎಣಿಸಿದ, 56 ಅಂದ, ಮತ್ತೆ ಎಣಿಸಿ 57 ಅಂದ. ಸುಳ್ಳು ಯಾಕೆ ಹೇಳ್ಲಿ, ಆ ಸಾಯಂಕಾಲ ನಾನು ಮನಸ್ಸಲ್ಲೇ ಪೇಪರ್ ಬರೆದು ಮುಗಿಸಿದ್ದೆ, ಟೈಟಲ್ಲೂ ಇಟ್ಟಿದ್ದೆ. ಸಣ್ಣ ಮಗನಿಗೆ ಯಾರೋ ಫೋನ್ ಮಾಡಿ ಹೇಳೂಬಿಟ್ರು, ಅವ್ನು ಶಾಮಿಯಾನದವ್ರಿಗೆ ಅಡ್ವಾನ್ಸ್ ಕೊಡೋಕೆ ಹೊರಟ.

ಕೇಸು ತಿರುಗಿದ್ದು ಆ ರಾತ್ರಿ. ಮೊಬೈಲಲ್ಲಿ ತೆಗೆದ ಸ್ಲೈಡಿನ ಫೋಟೋ ನೋಡ್ತಾ ಕೂತಿದ್ದೆ, ಮತ್ತೆ ಮತ್ತೆ ಎಣಿಸ್ತಾ ಇದೀನಿ, ಒಂದೊಂದ್ಸಲ ಒಂದೊಂದು ಉತ್ತರ, ಕೊನೆಗೆ ನಂಗೇ ನಗು ಬಂತು, ನಾನು ತಪ್ಪಾದ ಪ್ರಶ್ನೆ ಕೇಳ್ತಾ ಇದೀನಿ ಅಂತ. ಎಷ್ಟಿದೆ ಅಂತ ಕೇಳಬಾರದು, ಎಂಥದ್ದಿದೆ ಅಂತ ಕೇಳ್ಬೇಕು.

ಇದು ಅರ್ಥ ಆಗ್ಬೇಕಂದ್ರೆ 60 ಹೆಂಗೆ 54 ಆಯ್ತು ಅಂತ ಗೊತ್ತಿರಬೇಕು. ಮೇಕೆಯ ಮೂವತ್ತು ಜೋಡಿ ಹೆಚ್ಚು ಕಮ್ಮಿ ಎಲ್ಲಾ ಒಂಟಿ ತೋಳಿನವು, ಸೆಂಟ್ರೋಮಿಯರ್ ಅನ್ನೋ ಗಂಟು ತುದಿಯಲ್ಲೇ ಇರುತ್ತೆ. ಕುರಿಯ ಪೂರ್ವಜರಲ್ಲಿ ಯಾವಾಗ್ಲೋ ಇಂಥ ಎರಡೆರಡು ಒಂಟಿ ತೋಳಿನವು ಗಂಟಿನ ಹತ್ರ ಸೇರಿ ಎರಡು ತೋಳಿನ ಒಂದು ದೊಡ್ಡ ಕ್ರೋಮೋಸೋಮ್ ಆದ್ವು. ಮೇಕೆಯ 1 ಮತ್ತು 3 ಸೇರಿದ್ದು ಕುರಿಲಿ ಒಂದು, 2 ಮತ್ತು 8 ಸೇರಿದ್ದು ಇನ್ನೊಂದು, 5 ಮತ್ತು 11 ಸೇರಿದ್ದು ಮೂರನೇದು. ಇದನ್ನ ರಾಬರ್ಟ್‌ಸೋನಿಯನ್ ಕೂಡಿಕೆ ಅಂತಾರೆ, 1916ರಲ್ಲಿ ಮಿಡತೆಗಳಲ್ಲಿ ಇದನ್ನ ಗುರುತಿಸಿದ ರಾಬರ್ಟ್‌ಸನ್ ಹೆಸ್ರು. ಮೂರು ಜೋಡಿ ಕೂಡಿಕೆ ಅಂದ್ರೆ ಆರು ಕಮ್ಮಿ, 60 ಹೋಗಿ 54. ಜೀನುಗಳು ಹೆಚ್ಚು ಕಮ್ಮಿ ಇದ್ದಷ್ಟೇ ಇವೆ, ಕಟ್ಟಿರೋ ರೀತಿ ಬೇರೆ.

ಹಂಗಾದ್ರೆ ಕುರಿ ಕೋಶದಲ್ಲಿ ಎರಡು ತೋಳಿನ ದೊಡ್ಡವು ಆರು ಕಾಣಬೇಕು. ಮೇಕೆಲಿ ಸೊನ್ನೆ. ಬೆರಕೆಲಿ ಮೂರು. ಒಟ್ಟು ಎಣಿಕೆಲಿ ಒಂದೆರಡು ಆಚೀಚೆ ಆಗ್ಬಹುದು, ಒಂದು ಕಳೆದುಹೋಗಬಹುದು, ಪಕ್ಕದ ಕೋಶದ್ದು ಬಂದು ಸೇರಬಹುದು, ಆದ್ರೆ ಆರಕ್ಕೂ ಮೂರಕ್ಕೂ ಸೊನ್ನೆಗೂ ಮಧ್ಯೆ ತಪ್ಪು ಮಾಡೋಕೆ ಕುರುಡಾಗಿರಬೇಕು. ಗಂಡಿನಲ್ಲಾದ್ರೆ ಎರಡು ತೋಳಿನ ಚಿಕ್ಕ ವೈ ಕ್ರೋಮೋಸೋಮ್ ಕಾಟ ಇರ್ತಿತ್ತು, ಪುಣ್ಯಕ್ಕೆ ಇದು ಹೆಣ್ಣು ಮರಿ.

ಫೋಟೋ ಜೂಮ್ ಮಾಡಿದೆ. ಆ 57ರ ಕೋಶದಲ್ಲಿ ಎರಡು ತೋಳಿನವು ಆರು. ಅಂಚಲ್ಲಿ ಮೂರು ಸಣ್ಣವು ಸ್ವಲ್ಪ ಬೇರೆ ಬಣ್ಣದಲ್ಲಿ ದೂರ ಕೂತಿದ್ವು, ಪಕ್ಕದ ಒಡೆದ ಕೋಶದಿಂದ ತೇಲಿ ಬಂದವು.

ಮಾರನೇ ದಿನ ಸ್ಲೈಡ್ ಹೊಸದಾಗಿ ಮಾಡಿದ್ವಿ, ಈ ಸಲ ಚಹಾ ಪಾತ್ರೆಲಿ ನೀರು ಕುದಿಸಿ ಹಬೆ ಮೇಲೆ ಗಾಜು ಹಿಡಿದು ಹನಿ ಬಿಟ್ವಿ. ಎಂಥಾ ಚೆಂದ ಹರಡಿದ್ವು ಅಂದ್ರೆ ನೆಲದ ಮೇಲೆ ರಾಗಿ ತೂರಿದ ಹಾಗೆ. ಯಾವ ಟ್ಯೂಬ್ ಯಾವುದು ಅಂತ ಎಣಿಸೋರಿಗೆ ಗೊತ್ತಾಗದಂಗೆ ಗೆಳೆಯ ನಂಬರ್ ಹಾಕಿದ್ದ. ಹೋತದಲ್ಲಿ 60, ಆ ಚಿಕ್ಕ ವೈ ಒಂದು ಬಿಟ್ರೆ ಎಲ್ಲಾ ಒಂಟಿ ತೋಳು. ತಾಯಿಲಿ 54, ಆರು ಜಂಟಿ. ಮರಿಲಿ 54, ಆರು ಜಂಟಿ. ಮರಿ ಕುರಿನೇ, ಪೂರಾ ಕುರಿ.

ಹಟ್ಟಿಗೆ ಹೋಗಿ ಹೇಳೋದು ಲ್ಯಾಬ್ ಕೆಲಸಕ್ಕಿಂತ ಕಷ್ಟ ಇತ್ತು. ಸಣ್ಣ ಮಗ ಮುಖ ತಿರುಗಿಸ್ಕೊಂಡ. ನಂಬರ್ ಬದ್ಲಾದ್ರೆ ಜಾತಿ ಬದ್ಲಾಗಲ್ವಾ, ಹಂಗಾದ್ರೆ ಈ 54 60 ಎಲ್ಲಾ ಯಾಕೆ ಅಂತ ಜಗಳಕ್ಕೆ ನಿಂತ, ಪ್ರಶ್ನೆ ಏನೋ ಸರಿಯಾಗೇ ಇತ್ತು. ನಾನು ಹೋಮೋಲಾಗಸ್ಸು ಗೀಮೋಲಾಗಸ್ಸು ಅಂತ ಶುರು ಮಾಡಿದೆ, ಯಾರಿಗೂ ಹತ್ತಲಿಲ್ಲ. ಯಜಮಾನ್ರೇ ಅರ್ಥ ಮಾಡ್ಕೊಂಡು ಮಗನಿಗೆ ಹೇಳಿದ್ರು. "ಲೇ, ಅರವತ್ತು ಕುರಿ ಸಂತೆಗೆ ಹೊಡ್ಕೊಂಡು ಹೋಗ್ತೀಯ. ಹನ್ನೆರಡನ್ನ ಜೋಡಿ ಜೋಡಿ ಒಂದೇ ಹಗ್ಗಕ್ಕೆ ಕಟ್ತೀಯ, ಉಳಿದವು ಒಂದೊಂದಕ್ಕೆ ಒಂದೊಂದು ಹಗ್ಗ. ಹಗ್ಗ ಎಷ್ಟು? ಐವತ್ನಾಕು. ಕುರಿ ಎಷ್ಟು? ಅರವತ್ತೇ ತಾನೆ." ನಾನು ಆವತ್ತಿಂದ ಕ್ಲಾಸಲ್ಲಿ ಇದನ್ನೇ ಹೇಳೋದು.

ಆಮೇಲೆ ಒಳಗಿಂದ ಅಜ್ಜಿ ಬಂದ್ರು, ಯಜಮಾನ್ರ ತಾಯಿ. ಅಷ್ಟು ದಿನ ಯಾರೂ ಅವ್ರನ್ನ ಮಾತಾಡಿಸೇ ಇರ್ಲಿಲ್ಲ. "ಆ ಕುರಿ ದಸರಾ ಆದ ವಾರದ ಸಂತೆಲಿ ತಂದದ್ದಲ್ವೇನಪ್ಪಾ" ಅಂದ್ರು. ಎಲ್ರೂ ಸುಮ್ಮನಾದ್ರು. ದಸರಾ ಆದ್ಮೇಲೆ ತಂದದ್ದು, ಸಂಕ್ರಾಂತಿ ಆದ್ಮೇಲೆ ಹಾಕಿದ್ದು, ಮೂರೂವರೆ ತಿಂಗಳು. ಕುರಿ ಗಬ್ಬ ಐದು ತಿಂಗಳದ್ದು. ಮನೆ ಹೋತಕ್ಕೂ ಆ ಮರಿಗೂ ಸಂಬಂಧ ಇರೋಕೆ ಸಾಧ್ಯಾನೇ ಇಲ್ಲ, ಕುರಿ ಬರೋವಾಗಲೇ ಗಬ್ಬ ಆಗಿ ಬಂದಿತ್ತು. ವಿಚಾರಿಸಿದ್ರೆ ಅದನ್ನ ಮಾರಿದವನ ಮಂದೇಲಿ ನೆಲ್ಲೂರು ತಳಿಯ ಟಗರು ಇತ್ತಂತೆ. ಆ ತಳಿಗೆ ಉಣ್ಣೆ ಇಲ್ಲ, ಕೂದ್ಲು, ಉದ್ದ ಕಾಲು, ಕೊರಳಲ್ಲಿ ಮೊಲೆ ಇರೋದೂ ಮಾಮೂಲಿ. ಹೆಣ್ಣು ಮರಿ ಅಪ್ಪನ್ನ ಹೋಲ್ತಿತ್ತು, ಅಷ್ಟೇ. ಎರಡು ಸಲ ರಕ್ತ ತೆಗೆದು, ಆರು ದಿನ ಕಲ್ಚರ್ ಇಟ್ಟು, ಕಾರ್ ಬಾಡಿಗೆ ಕೊಟ್ಟು ನಾವು ಕಂಡ್ಕೊಂಡಿದ್ದನ್ನ ಅಜ್ಜಿ ಬೆರಳಲ್ಲಿ ಎಣಿಸಿ ಹೇಳಿದ್ರು. ಮೊದಲ ದಿನ ನಾನು ಕೇಳಬೇಕಾದ ಪ್ರಶ್ನೆ ಅದು, ಈ ಕುರಿ ನಿಮ್ಮನೇಲೇ ಹುಟ್ಟಿದ್ದಾ ತಂದದ್ದಾ ಅಂತ. ಈಗ ಯಾರು ಇಂಥ ಮರಿ ಹುಟ್ಟಿದೆ ಅಂತ ಫೋನ್ ಮಾಡಿದ್ರೂ ಫಸ್ಟ್ ಕೇಳೋದು ತಾರೀಕು, ಸೂಜಿ ಆಮೇಲೆ.

ಆದ್ರೆ ಸಣ್ಣ ಮಗನ ಪ್ರಶ್ನೆ ನನ್ನ ಬಿಡಲಿಲ್ಲ. ನಂಬರ್ ಬದ್ಲಾದ್ರೆ ಜಾತಿ ಬದ್ಲಾಗುತ್ತಾ? ಕೆಲವೊಮ್ಮೆ ಹೌದು ಅನ್ನೋ ಥರ ಕಾಣುತ್ತೆ, ಕುದುರೆ 64, ಕತ್ತೆ 62, ಹೇಸರಗತ್ತೆ 63, ಮರಿ ಆಗಲ್ಲ. ಆದ್ರೆ ಮಂಗೋಲಿಯಾದ ಕಾಡುಕುದುರೆಗೆ 66, ಅದನ್ನ ಊರ ಕುದುರೆಗೆ ಕೂಡಿಸಿದ್ರೆ 65ರ ಮರಿ ಆರಾಮಾಗಿ ಮುಂದೆ ಮರಿ ಹಾಕುತ್ತೆ. ಕುರಿ ಕುಲದಲ್ಲೇ ನೋಡಿದ್ರೆ ಇನ್ನೂ ಮಜ. ಲಡಾಖ್ ಕಡೆ ಇರೋ ಯೂರಿಯಲ್ ಕಾಡುಕುರಿಗೆ 58, ಅರ್ಗಾಲಿಗೆ 56, ಮೂಫ್ಲಾನಿಗೆ ನಮ್ಮ ಕುರಿ ಥರ 54. ಒಂದು ಕೂಡಿಕೆ, ಎರಡು ಕೂಡಿಕೆ, ಮೂರು ಕೂಡಿಕೆ, ಮೆಟ್ಟಿಲು ಇಳಿದ ಹಾಗೆ ಇನ್ನೂ ಕಣ್ಮುಂದೆ ಇದೆ. ಇರಾನ್‌ನಲ್ಲಿ 58ರವೂ 54ರವೂ ಬೆರೆತು ಮರಿ ಹಾಕ್ತಾವೆ. ನ್ಯೂಜಿಲೆಂಡಿನ ಸಾಕು ಕುರಿಗಳಲ್ಲಿ ಇನ್ನೂ ಹೊಸ ಕೂಡಿಕೆ ಸಿಕ್ಕಿವೆ, 53, 52 ಇರೋವು, ಅವೂ ಮಾಮೂಲಾಗೇ ಮರಿ ಹಾಕಿದ್ವು. ಅಂಡ, ವೀರ್ಯ ತಯಾರಾಗುವಾಗ ಒಂದು ಜಂಟಿಗೆ ಎರಡು ಒಂಟಿ ಎದುರಾಗಿ ಮೂರೂ ಸೇರಿ ಕೂತ್ಕೊಂಡು ಸರಿಯಾಗಿ ಬೇರ್ಪಟ್ರೆ ತೊಂದ್ರೆ ಇಲ್ಲ. ಕುರಿ ಮೇಕೆ ಬೆರಕೆ ನಿಲ್ಲದಿರೋದಕ್ಕೆ ಬರೀ ನಂಬರ್ ಕಾರಣ ಅಲ್ಲ, ಲಕ್ಷಾಂತರ ವರ್ಷ ಬೇರೆ ಇದ್ದು ಜೀನುಗಳೇ ದೂರ ಆಗಿವೆ, ತಾಯಿ ಮೈ ಆ ಗರ್ಭನ ತನ್ನದು ಅಂತ ಒಪ್ಪಲ್ಲ.

ಕೊಟ್ಟಿಗೆಲೂ ಇದೇ ಲೆಕ್ಕ. ದನಕ್ಕೆ 60, ನಮ್ಮ ಎಮ್ಮೆಗೆ 50. ಎಮ್ಮೆಲಿ ಐದು ಜೋಡಿ ಎರಡು ತೋಳಿನವು ಇವೆ, ಲಿಂಗದ ಕ್ರೋಮೋಸೋಮ್ ಬಿಟ್ಟು ತೋಳು ಎಣಿಸಿ ನೋಡಿ, ದನದಲ್ಲೂ 58, ಎಮ್ಮೆಲೂ 58. ಈಶಾನ್ಯದ ಕೆಸರೆಮ್ಮೆಗೆ ಇನ್ನೊಂದು ಕೂಡಿಕೆ ಆಗಿ 48. ಅಷ್ಟೇಕೆ, ಚಿಂಪಾಂಜಿ ಗೊರಿಲ್ಲಾಗಳಿಗೆ 48, ನಮಗೆ 46, ಅವುಗಳಲ್ಲಿ ಬೇರೆ ಬೇರೆ ಇರೋ ಎರಡು ನಮ್ಮಲ್ಲಿ ತುದಿಗೆ ತುದಿ ಸೇರಿ ಎರಡನೇ ನಂಬರಿನ ಕ್ರೋಮೋಸೋಮ್ ಆಗಿದೆ, ಆ ಬೆಸುಗೆಯ ಗುರುತು 1991ರಲ್ಲಿ ಸಿಕ್ತು. ಮಲೆನಾಡಲ್ಲಿ ಬೊಗಳೋ ಕಾಡುಕುರಿ ಇದೆಯಲ್ಲ, ಹೆಸ್ರಷ್ಟೇ ಕುರಿ, ಅದು ಜಿಂಕೆ ಜಾತಿ. ಅದ್ರ ಹೆಣ್ಣಿಗೆ 6, ಗಂಡಿಗೆ 7, ಸಸ್ತನಿಗಳಲ್ಲೇ ಅತಿ ಕಮ್ಮಿ, ಇದು 1970ರಲ್ಲಿ ಗೊತ್ತಾಯ್ತು. ಅದ್ರ ಚೀನಾದ ದಾಯಾದಿಗೆ 46. ಅರ್ಜೆಂಟೀನಾದ ಒಂದು ಮರುಭೂಮಿ ಇಲಿಗೆ 102.

ಬೇಗ ಆಗುತ್ತಾ ನಿಧಾನಕ್ಕಾ ಅಂತ ಕೇಳಿದ್ರೆ ಎರಡೂ. ಮಡೈರಾ ಅನ್ನೋ ಅಟ್ಲಾಂಟಿಕ್ ದ್ವೀಪಕ್ಕೆ ಜನರ ಹಡಗಲ್ಲಿ ಬಂದ ಮನೆ ಇಲಿಗಳು ಕೆಲವೇ ನೂರು ವರ್ಷದಲ್ಲಿ 40ರಿಂದ 22, 24, 28 ಅಂತ ಕಣಿವೆಗೊಂದು ಲೆಕ್ಕ ಮಾಡ್ಕೊಂಡಿವೆ. ಸಣ್ಣ ಗುಂಪು, ಗುಡ್ಡದಿಂದ ಗುಡ್ಡಕ್ಕೆ ದಾರಿ ಇಲ್ಲ, ಒಳಗೊಳಗೇ ಸಂಬಂಧ, ಹೊಸ ಕೂಡಿಕೆ ನಿಲ್ಲೋಕೆ ಇಂಥ ಜಾಗ ಬೇಕು. ಜೊತೆಗೆ ಅಂಡ ತಯಾರಾಗುವಾಗ ನಾಲ್ಕು ಭಾಗದಲ್ಲಿ ಒಂದೇ ಉಳಿಯೋದು, ಕೆಲವು ಪ್ರಾಣಿಗಳಲ್ಲಿ ಜಂಟಿ ಕ್ರೋಮೋಸೋಮು ಆ ಉಳಿಯೋ ಭಾಗಕ್ಕೆ ಹೆಚ್ಚು ಸಲ ನುಗ್ಗುತ್ತೆ, ಕೆಲವುದ್ರಲ್ಲಿ ಒಂಟಿಗಳೇ ನುಗ್ತಾವೆ. ಹಂಗಾಗಿ ಕೆಲವು ಕುಲದಲ್ಲಿ ನಂಬರ್ ಇಳೀತಾ ಹೋಗುತ್ತೆ, ಕೆಲವುದ್ರಲ್ಲಿ ಏರುತ್ತೆ, ಅದ್ರಿಂದ ಪ್ರಾಣಿಗೆ ಲಾಭ ಆಗ್ಲೇಬೇಕು ಅಂತೇನಿಲ್ಲ.

ಶಾಮಿಯಾನ ಹಾಕಲಿಲ್ಲ. ಅಡ್ವಾನ್ಸಲ್ಲಿ ಅರ್ಧ ವಾಪಸ್ ಬಂತಂತೆ, ಸಣ್ಣ ಮಗ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡಲ್ಲ. ವ್ಯಾಪಾರಿ ವಿಷಯ ತಿಳಿದ ಮೇಲೆ ಬರಲೇ ಇಲ್ಲ. ಮರಿಯನ್ನ ಯಜಮಾನ್ರು ಮಾರಲಿಲ್ಲ, ಮುಂದಿನ ವರ್ಷ ಅದು ಒಂದು ಮರಿ ಹಾಕ್ತು, ಕೊರಳಲ್ಲಿ ಒಂದೇ ಮೊಲೆ ಇರೋದು. ಆ 57ರ ಸ್ಲೈಡು ನಮ್ಮ ಡಿಪಾರ್ಟ್‌ಮೆಂಟಿನ ಮರದ ಡಬ್ಬಿಲಿದೆ. ಹೊಸ ಬ್ಯಾಚ್ ಬಂದಾಗ ಏನೂ ಹೇಳದೆ ಎಣಿಸೋಕೆ ಕೊಡ್ತೀನಿ, ಹೋದ ಸಲ ಇಬ್ರು 57 ಅಂದ್ರು, ಒಬ್ಬಳು 54 ಅಂದು "ಸರ್ ಆ ಮೂರು ಬೇರೆ ಮನೇವು" ಅಂದ್ಲು.